ಬ್ಲ್ಯಾಕ್‌ಬೆರಿ ಮೂರೇ ದಿನಕ್ಕೆ ಬೂಷ್ಟು ಹಿಡಿಯಿತು, ಉಳಿದವು ಕೆಂಪಾದವು: ನಾನು ಎಲ್ಲಿ ತಪ್ಪಿದೆ?

ಪ್ರಶ್ನೆ
ಬೆಳಗಿನ ಬಟ್ಟಲು

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಈಗ 71 ವರ್ಷ. ಹಲವು ವರ್ಷಗಳಿಂದ ಮಲಬದ್ಧತೆ ಕಾಡುತ್ತಿದೆ. ನಾರಿನಂಶ ಇರುವ ಹಣ್ಣನ್ನು ದಿನವೂ ತಿನ್ನಬೇಕೆಂದು ವೈದ್ಯರು ಹೇಳಿದ ಮೇಲೆ ಒಂದೊಂದೇ ಹಣ್ಣು ತಂದು ನೋಡಿದೆ. ಸೇಬನ್ನು ಕಚ್ಚಲು ಅವರ ಕಟ್ಟಿಸಿದ ಹಲ್ಲು ಒಪ್ಪುವುದಿಲ್ಲ. ಬಾಳೆಹಣ್ಣು ಮೊದಲಿನಿಂದಲೂ ಸೇರದು. ಬ್ಲ್ಯಾಕ್‌ಬೆರಿ ಬಾಯಿಗಿಟ್ಟ ದಿನ ಮಾತ್ರ ‘ಇನ್ನೆರಡು ಕೊಡು’ ಎಂದರು. ಅಮ್ಮ ತಾವಾಗಿಯೇ ಏನನ್ನಾದರೂ ಕೇಳಿ ತಿಂದು ಎಷ್ಟೋ ತಿಂಗಳುಗಳಾಗಿದ್ದವು. ಅದಕ್ಕೇ ಈ ಹಣ್ಣು ಕಣ್ಣೆದುರೇ ಕೆಡುವುದನ್ನು ನೋಡಿದರೆ ಸಂಕಟವಾಗುತ್ತದೆ.

ನಾನು ಮಾಡಿದ್ದು ಇಷ್ಟು. ಎರಡು ಡಬ್ಬಿ ಹಣ್ಣು ತಂದೆ. ಮನೆಗೆ ಬಂದ ಕೂಡಲೇ ಎಲ್ಲವನ್ನೂ ಪಾತ್ರೆಯಲ್ಲಿ ಮುಳುಗಿಸಿ ತೊಳೆದೆ. ಐದು ನಿಮಿಷ ಜರಡಿಯಲ್ಲಿ ಬಸಿಯಲು ಬಿಟ್ಟು, ಗಾಳಿಯಾಡದ ಮುಚ್ಚಳವಿರುವ ಆಳವಾದ ಡಬ್ಬಿಗೆ ತುಂಬಿ, ಕೈಗೆ ಸುಲಭವಾಗಿ ಸಿಗಲಿ ಎಂದು ಫ್ರಿಜ್‌ನ ಬಾಗಿಲಲ್ಲಿ ಇಟ್ಟೆ. ಮೂರನೆಯ ದಿನ ಬೆಳಿಗ್ಗೆ ಮುಚ್ಚಳ ತೆಗೆದರೆ ತಳದಲ್ಲಿ ನೇರಳೆ ಬಣ್ಣದ ನೀರು, ಮೇಲೆ ಬೂದು ಬಣ್ಣದ ನಯವಾದ ಬೂಷ್ಟು. ಬೂಷ್ಟಿಲ್ಲದ ಹಣ್ಣುಗಳಲ್ಲೂ ಅಲ್ಲಲ್ಲಿ ಒಂದೊಂದು ಮಣಿ ಕೆಂಪಾಗಿತ್ತು. ತಂದ ದಿನ ಅವೆಲ್ಲ ಅಚ್ಚ ಕಪ್ಪಾಗಿದ್ದವು, ಇದು ನನಗೆ ಚೆನ್ನಾಗಿ ನೆನಪಿದೆ. ಕಪ್ಪಾದ ಹಣ್ಣು ಮತ್ತೆ ಕಾಯಾಗುವುದುಂಟೇ? ಹೆದರಿ ಎಲ್ಲವನ್ನೂ ಎಸೆದುಬಿಟ್ಟೆ.

ಕೆಂಪಾದವನ್ನು ತಿನ್ನಬಹುದಿತ್ತೇ? ಒಂದು ವಾರವಾದರೂ ಉಳಿಯುವಂತೆ ಇಡುವುದು ಹೇಗೆ? ಇನ್ನೊಂದು ವಿಷಯ: ಅಮ್ಮ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಆ ಮಾತ್ರೆಯ ಕೆಲಸಕ್ಕೆ ಅಡ್ಡಿಯಾಗುವ ವಿಟಮಿನ್ ಕೆ ಈ ಹಣ್ಣಿನಲ್ಲಿ ಇದೆ ಎಂದು ಪರಿಚಿತರೊಬ್ಬರು ಹೇಳಿದಾಗಿನಿಂದ ಕೊಡಲು ಕೈ ಹಿಂಜರಿಯುತ್ತಿದೆ. ಬೀಜ ಹಲ್ಲಿನ ಸೆಟ್ಟಿನಡಿ ಸಿಕ್ಕಿಕೊಳ್ಳುತ್ತದೆ ಎಂದೂ ಅಮ್ಮ ಹೇಳುತ್ತಾರೆ. ತಿಳಿದವರು ದಯವಿಟ್ಟು ಬರೆಯಿರಿ.


ಉತ್ತರ
ಶೈತ್ಯಾಗಾರ

ನಾನು ಒಂಬತ್ತು ವರ್ಷ ಹಣ್ಣು ಪ್ಯಾಕ್ ಮಾಡುವ ಘಟಕದ ಶೈತ್ಯಾಗಾರದಲ್ಲಿ ಕೆಲಸ ಮಾಡಿದ್ದೇನೆ. ಅಲ್ಲಿಗೆ ಬರುತ್ತಿದ್ದ ಹಣ್ಣುಗಳಲ್ಲಿ ನಮ್ಮ ನಿದ್ದೆ ಕೆಡಿಸುತ್ತಿದ್ದದ್ದು ಬ್ಲ್ಯಾಕ್‌ಬೆರಿ. ಆದ್ದರಿಂದ ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ.

ಮೊದಲು ಕೆಂಪಿನ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ನೀವು ಎಸೆದ ಹಣ್ಣುಗಳಲ್ಲಿ ಒಂದು ಪಾಲು ತಿನ್ನಲು ಯೋಗ್ಯವಾಗಿದ್ದಿರಬಹುದು. ಹಣ್ಣು ಮತ್ತೆ ಕಾಯಾಗುವುದಿಲ್ಲ. ಒಂದು ಬ್ಲ್ಯಾಕ್‌ಬೆರಿ ಎಂದರೆ ಒಂದೇ ಹಣ್ಣಲ್ಲ. ಒಂದು ದಿಂಡಿನ ಸುತ್ತ ಒತ್ತಾಗಿ ಕೂತ ಹತ್ತಾರು ಪುಟ್ಟ ಹಣ್ಣುಗಳ ಗೊಂಚಲು ಅದು. ಪ್ರತಿ ಮಣಿಗೂ ತನ್ನದೇ ತೆಳು ಸಿಪ್ಪೆ, ತನ್ನದೇ ರಸ, ತನ್ನದೇ ಬೀಜ. ಕೀಳುವಾಗ ಬೆರಳು ಒತ್ತಿದ್ದರೆ, ಸಾಗಿಸುವಾಗ ಕುಲುಕಾಡಿದ್ದರೆ, ಬಿಸಿಲಿನಲ್ಲಿ ಕಾದ ಹಣ್ಣನ್ನು ಒಮ್ಮೆಲೇ ತಣ್ಣಗೆ ಮಾಡಿದ್ದರೆ ಆ ಮಣಿಯೊಳಗಿನ ಜೀವಕೋಶಗಳು ಹರಿಯುತ್ತವೆ. ಆಗ ಕಪ್ಪು ಕೊಡುವ ಆಂಥೋಸಯನಿನ್ ಎಂಬ ಬಣ್ಣದ ವಸ್ತು ಕುಂದಿ, ಮಣಿ ಕೆಂಪಾಗಿ ಕಾಣುತ್ತದೆ. ಕಿತ್ತ ಕೂಡಲೇ ಇದು ಕಾಣದಿರಬಹುದು, ತಂಪಿನಲ್ಲಿ ಒಂದೆರಡು ದಿನ ಕಳೆದ ಮೇಲೆ ಹೊರಬೀಳುತ್ತದೆ. ಇದು ರೋಗವಲ್ಲ, ವಿಷವೂ ಅಲ್ಲ. ಹಣ್ಣು ಗಟ್ಟಿಯಾಗಿದ್ದು ಹುಳಿವಾಸನೆ ಇಲ್ಲದಿದ್ದರೆ ಧೈರ್ಯವಾಗಿ ತಿನ್ನಿ. ಪೆಟ್ಟು ತಿಂದ ಗುರುತು ಎಂದುಕೊಂಡು ಅಂಥವನ್ನು ಮೊದಲು ಮುಗಿಸಿ, ಅಷ್ಟೇ.

ಬೂಷ್ಟಿನ ಮಾತು ಬೇರೆ. ಬೂದು ಬೂಷ್ಟನ್ನು ಬೊಟ್ರೈಟಿಸ್ ಎನ್ನುತ್ತಾರೆ. ಅದರ ಬೀಜಕಣಗಳು ಎಷ್ಟೋ ಸಲ ಗಿಡ ಹೂಬಿಟ್ಟಾಗಲೇ ಒಳಸೇರಿ, ಹಣ್ಣು ಮಾಗುವವರೆಗೆ ಸುಮ್ಮನೆ ಇರುತ್ತವೆ. ಅಂದರೆ ಅದು ನಿಮ್ಮ ಮನೆಯಲ್ಲಿ ಹುಟ್ಟಿದ್ದಲ್ಲ, ಹಣ್ಣಿನ ಜೊತೆಗೇ ಬಂದದ್ದು. ಎದ್ದು ನಿಲ್ಲಲು ಅದಕ್ಕೆ ಬೇಕಾದದ್ದು ಪಸೆ ಮತ್ತು ಬೆಚ್ಚಗಿನ ಜಾಗ. ನೀವು ತಿಳಿಯದೆ ಎರಡನ್ನೂ ಒದಗಿಸಿದಿರಿ. ಮಣಿಗಳ ಸಂದಿಗೆ ಇಳಿದ ನೀರು ಐದು ನಿಮಿಷದಲ್ಲಿ ಬಸಿಯುವುದಿಲ್ಲ. ಗಾಳಿಯಾಡದ ಮುಚ್ಚಳ ಆ ತೇವವನ್ನು ಹೊರಗೆ ಬಿಡುವುದಿಲ್ಲ. ಫ್ರಿಜ್‌ನ ಬಾಗಿಲಂತೂ ಪ್ರತಿ ಸಲ ತೆರೆದಾಗಲೂ ಬೆಚ್ಚಗಾಗುವ ಜಾಗ. ಬೆಚ್ಚಗಾಗಿ ಮತ್ತೆ ತಣ್ಣಗಾಗುವಾಗ ಹಣ್ಣಿನ ಮೇಲೆ ಸಣ್ಣ ಹನಿಗಳು ಕೂರುತ್ತವೆ, ಅದನ್ನು ನಾವು ಹಣ್ಣು ಬೆವರುವುದು ಎನ್ನುತ್ತಿದ್ದೆವು. ಬೆವರಿದ ಹಣ್ಣು ಹೊರಟ ಡಬ್ಬಿ ದೂರು ಹೊತ್ತು ವಾಪಸ್ ಬರುತ್ತಿತ್ತು.

ಶೈತ್ಯಾಗಾರದಲ್ಲಿ ನಾವು ಈ ಹಣ್ಣನ್ನು 0 ಡಿಗ್ರಿ ಸೆಲ್ಸಿಯಸ್ ಹತ್ತಿರ, ಗಾಳಿಯ ತೇವಾಂಶ 90ರಿಂದ 95 ಪ್ರತಿಶತ ಇರುವಂತೆ ಇಡುತ್ತಿದ್ದೆವು. ಗಾಳಿಯಲ್ಲಿ ತೇವ ಇರಬೇಕು, ಹಣ್ಣಿನ ಮೈಮೇಲೆ ನೀರು ಇರಬಾರದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇವೆರಡೂ ಒಂದೇ ಎಂದು ನಾನೂ ತಿಳಿದಿದ್ದೆ. ತೇವವಿಲ್ಲದ ಗಾಳಿಯಲ್ಲಿ ಹಣ್ಣು ಬಾಡಿ ಸುಕ್ಕುಗಟ್ಟುತ್ತದೆ, ಮೈಮೇಲೆ ನೀರಿದ್ದರೆ ಕೊಳೆಯುತ್ತದೆ.

ಮನೆಯಲ್ಲಿ ಹೀಗೆ ಮಾಡಿ. ತಂದ ಕೂಡಲೇ ಹಣ್ಣನ್ನು ಒಂದು ತಟ್ಟೆಗೆ ಮೆಲ್ಲಗೆ ಸುರಿದು ಒಂದೊಂದನ್ನೂ ನೋಡಿ. ಬೂಷ್ಟು ಹಿಡಿದದ್ದನ್ನು ಎಸೆಯಿರಿ. ಅದಕ್ಕೆ ತಾಗಿಕೊಂಡು ಮೆತ್ತಗಾದದ್ದನ್ನೂ ಎಸೆಯಿರಿ. ಮೃದು ಹಣ್ಣಿನಲ್ಲಿ ಬೂಷ್ಟು ಕಣ್ಣಿಗೆ ಕಾಣದಷ್ಟು ಒಳಕ್ಕೆ ಹೋಗಿರುತ್ತದೆ, ಕತ್ತರಿಸಿ ಉಳಿಸಿಕೊಳ್ಳುವ ಆಸೆ ಬೇಡ. ರಸ ಸೋರಿದ್ದು ಬೂಷ್ಟಿಲ್ಲದಿದ್ದರೆ ಆಗಲೇ ತಿಂದುಬಿಡಿ. ಉಳಿದವನ್ನು ತೊಳೆಯದೆ, ಅಗಲವಾದ ಡಬ್ಬಿಯಲ್ಲಿ ಟಿಷ್ಯೂ ಕಾಗದ ಹಾಸಿ, ಒಂದೇ ಪದರವಾಗಿ ಹರಡಿ. ಹೆಚ್ಚೆಂದರೆ ಎರಡು ಪದರ. ಅದಕ್ಕಿಂತ ಹೆಚ್ಚಾದರೆ ತಳದ ಹಣ್ಣು ಮೇಲಿನ ಭಾರಕ್ಕೇ ಒಡೆಯುತ್ತದೆ. ನಿಮ್ಮ ಡಬ್ಬಿಯ ತಳದಲ್ಲಿದ್ದ ನೇರಳೆ ನೀರು ಅದೇ ಇರಬೇಕು. ಮುಚ್ಚಳವನ್ನು ಪೂರ್ತಿ ಬಿಗಿಯಬೇಡಿ. ಡಬ್ಬಿಯನ್ನು ಬಾಗಿಲಲ್ಲಿ ಇಡದೆ ಒಳಗಿನ ತಟ್ಟೆಯಲ್ಲಿ, ಹಿಂಭಾಗದ ಕಡೆ ಇಡಿ. ಹಿಂದಿನ ಗೋಡೆಗೆ ತಾಗದಿರಲಿ, ಅಲ್ಲಿ ಹಣ್ಣು ಹೆಪ್ಪುಗಟ್ಟಬಹುದು. ಕಾಗದ ಒದ್ದೆಯಾದರೆ ಬದಲಿಸಿ. ತಿನ್ನುವ ಹೊತ್ತಿಗೆ ಬೇಕಾದಷ್ಟನ್ನು ಮಾತ್ರ ಹರಿಯುವ ತಣ್ಣೀರಿನಲ್ಲಿ ತೊಳೆಯಿರಿ.

ವಿನೆಗರ್ ಬೆರೆಸಿದ ನೀರಿನಲ್ಲಿ ಅದ್ದುವ ಉಪಾಯವನ್ನೂ ನೀವು ಕೇಳಿರುತ್ತೀರಿ. ಮೇಲ್ಮೈಯ ಬೂಷ್ಟಿನ ಕಣಗಳು ಅದರಿಂದ ಕಡಿಮೆಯಾಗುತ್ತವೆ, ನಿಜ. ಆದರೆ ಆಮೇಲೆ ಸಂದಿಸಂದಿಯನ್ನೂ ಒಣಗಿಸಬೇಕಲ್ಲ. ನುಣುಪು ಮೈಯ ಬ್ಲೂಬೆರಿಗೆ ಅದು ಸುಲಭ, ಈ ಹಣ್ಣಿಗೆ ಸುಲಭವಲ್ಲ. ನಾನಂತೂ ಮಾಡುವುದಿಲ್ಲ.

ಒಂದು ವಾರ ಕೇಳಿದ್ದೀರಿ. ಮನೆಯ ಫ್ರಿಜ್ ಸಾಮಾನ್ಯವಾಗಿ 4 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಅಲ್ಲಿ ಮೂರರಿಂದ ಐದು ದಿನವನ್ನು ನಂಬಬಹುದು. ಕಿತ್ತು ಎಷ್ಟು ದಿನವಾಗಿದೆ ಎಂಬುದು ಕೊಳ್ಳುವವರಿಗೆ ತಿಳಿಯುವುದಿಲ್ಲವಾದ್ದರಿಂದ ಅದಕ್ಕಿಂತ ಹೆಚ್ಚಿನ ಮಾತು ಕೊಡಲಾರೆ. ಈ ಹಣ್ಣು ಕಿತ್ತ ಮೇಲೆ ಮಾಗುವುದಿಲ್ಲ, ಸಿಹಿಯಾಗುವುದೂ ಇಲ್ಲ. ಹಾಗಾಗಿ ಇಟ್ಟುಕೊಂಡು ಕಾಯುವುದರಿಂದ ಏನೂ ಲಾಭವಿಲ್ಲ. ಎರಡು ಡಬ್ಬಿ ಒಟ್ಟಿಗೆ ತರುವ ಬದಲು ಒಂದೊಂದೇ ತನ್ನಿ.


ಉತ್ತರ
ಪಥ್ಯದ ಪುಟ

ನಾನು ಆಹಾರ ತಜ್ಞೆ. ನಿಮ್ಮ ಅಮ್ಮನವರ ಕಡೆಯಿಂದ ಯೋಚಿಸಿ ಉತ್ತರಿಸುತ್ತೇನೆ.

ನೀವು ಆರಿಸಿದ ಹಣ್ಣು ಒಳ್ಳೆಯದು. ಅದಕ್ಕೆ ಮುಖ್ಯ ಕಾರಣ ನಾರು. 100 ಗ್ರಾಂ ಬ್ಲ್ಯಾಕ್‌ಬೆರಿಯಲ್ಲಿ ಸುಮಾರು 5.3 ಗ್ರಾಂ ನಾರಿನಂಶ ಇದೆ. ಅಷ್ಟೇ ತೂಕದ ಸ್ಟ್ರಾಬೆರಿಯಲ್ಲಿ 2 ಗ್ರಾಂ, ಸಿಪ್ಪೆ ಸಹಿತವಾದ ಸೇಬಿನಲ್ಲಿ 2.4 ಗ್ರಾಂ. ಸಕ್ಕರೆ ಐದು ಗ್ರಾಂ ಒಳಗೇ ಇದೆ, ಕ್ಯಾಲೊರಿ 43, ಉಳಿದದ್ದು ಬಹುಪಾಲು ನೀರು. ನಾರು ಮತ್ತು ಸಕ್ಕರೆ ಸರಿಸುಮಾರು ಸಮನಾಗಿರುವ ಹಣ್ಣುಗಳು ಹೆಚ್ಚಿಲ್ಲ. ಮಧುಮೇಹ ಇರುವವರಿಗೂ ನಾನು ಇದನ್ನು ಹಿಂಜರಿಯದೆ ಹೇಳುವುದು ಅದಕ್ಕಾಗಿಯೇ. ಒಂದು ಕಪ್, ಅಂದರೆ 144 ಗ್ರಾಂ ಲೆಕ್ಕ ಹಿಡಿದರೆ 30 ಮಿಲಿಗ್ರಾಂ ವಿಟಮಿನ್ ಸಿ ಸಿಗುತ್ತದೆ. ಮ್ಯಾಂಗನೀಸ್ ಸುಮಾರು 0.9 ಮಿಲಿಗ್ರಾಂ, ಇದು ವಯಸ್ಕರ ದಿನದ ಅಗತ್ಯದ ಮೂರನೆಯ ಒಂದು ಪಾಲಿಗಿಂತ ಹೆಚ್ಚು.

ಕಪ್ಪು ಬಣ್ಣದ ಆಂಥೋಸಯನಿನ್‌ಗಳ ಬಗ್ಗೆ ಬಹಳ ದೊಡ್ಡ ಮಾತುಗಳು ಓಡಾಡುತ್ತವೆ. ಅವು ಆ್ಯಂಟಿ ಆಕ್ಸಿಡೆಂಟ್‌ಗಳು ಎಂಬುದು ಸರಿ. ಒಂದು ಬಟ್ಟಲು ಹಣ್ಣು ಕ್ಯಾನ್ಸರ್ ತಡೆಯುತ್ತದೆ, ನೆನಪಿನ ಶಕ್ತಿ ಮರಳಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಮ್ಮನವರಿಗೆ ಇದರಿಂದ ಸಿಗಬೇಕಾದದ್ದು ನಾರು ಮತ್ತು ಊಟದಲ್ಲಿ ಮರಳಿದ ಆಸೆ. ನನ್ನ ದೃಷ್ಟಿಯಲ್ಲಿ ಎರಡನೆಯದು ಸಣ್ಣದಲ್ಲ. ಈ ವಯಸ್ಸಿನಲ್ಲಿ ಒಬ್ಬರು ಕೇಳಿ ತಿನ್ನುವ ಹಣ್ಣು ಸಿಕ್ಕರೆ ಅದನ್ನು ಬಿಡಬಾರದು.

ವಾರ್ಫರಿನ್ ವಿಷಯದಲ್ಲಿ ನಿಮ್ಮ ಎಚ್ಚರ ಸರಿಯಾಗಿದೆ, ಹೆದರಿಕೆ ಮಾತ್ರ ಸ್ವಲ್ಪ ಹೆಚ್ಚಾಗಿದೆ. ಒಂದು ಕಪ್ ಹಣ್ಣಿನಲ್ಲಿ ವಿಟಮಿನ್ ಕೆ ಸುಮಾರು 28 ಮೈಕ್ರೋಗ್ರಾಂ. ಬೇಯಿಸಿದ ಒಂದು ಕಪ್ ಪಾಲಕ್‌ನಲ್ಲಿ ಇದರ ಹತ್ತಾರು ಪಟ್ಟು ಇರುತ್ತದೆ. ವಾರ್ಫರಿನ್ ತೆಗೆದುಕೊಳ್ಳುವವರು ವಿಟಮಿನ್ ಕೆ ಇರುವುದನ್ನೆಲ್ಲ ಬಿಡಬೇಕೆಂದಿಲ್ಲ, ದಿನದಿಂದ ದಿನಕ್ಕೆ ಪ್ರಮಾಣ ಏರುಪೇರಾಗದಂತೆ ನೋಡಿಕೊಳ್ಳಬೇಕು. ಇವತ್ತು ಎರಡು ಕಪ್, ಆಮೇಲೆ ಹತ್ತು ದಿನ ಏನೂ ಇಲ್ಲ ಎಂದಾಗಬಾರದು. ದಿನಕ್ಕೆ ಹತ್ತು ಹನ್ನೆರಡು ಹಣ್ಣು ಎಂದು ನಿಗದಿ ಮಾಡಿ, ಮುಂದಿನ ಐಎನ್‌ಆರ್ ಪರೀಕ್ಷೆಗೆ, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವ ರಕ್ತಪರೀಕ್ಷೆಗೆ, ಹೋದಾಗ ‘ಇದನ್ನು ಹೊಸದಾಗಿ ಶುರುಮಾಡಿದ್ದೇವೆ’ ಎಂದು ವೈದ್ಯರಿಗೆ ತಿಳಿಸಿ. ಇದನ್ನು ಮರೆಯಬೇಡಿ.

ನಾರನ್ನು ಒಮ್ಮೆಲೇ ಹೆಚ್ಚಿಸಬೇಡಿ, ಹೊಟ್ಟೆ ಉಬ್ಬರಿಸುತ್ತದೆ. ಮೊದಲ ವಾರ ಐದಾರು ಹಣ್ಣು ಸಾಕು. ಜೊತೆಗೆ ನೀರು ಸಾಕಷ್ಟು ಕುಡಿಯಲಿ, ನೀರಿಲ್ಲದೆ ನಾರು ಮಾತ್ರ ಸೇರಿದರೆ ಮಲಬದ್ಧತೆ ಇನ್ನೂ ಬಿಗಿಯಾಗಬಹುದು.

ಬೀಜದ ತೊಂದರೆಗೆ ಹಣ್ಣನ್ನು ಹಿಸುಕಿ ಜರಡಿಯಲ್ಲಿ ಸೋಸಬಹುದು. ಆದರೆ ನಾರಿನ ದೊಡ್ಡ ಪಾಲು ಬೀಜ ಮತ್ತು ತಿರುಳಿನ ಜೊತೆಗೆ ಜರಡಿಯಲ್ಲೇ ಉಳಿಯುತ್ತದೆ, ಎಲಜಿಟ್ಯಾನಿನ್ ಎಂಬ ಒಗರಿನ ಸಂಯುಕ್ತಗಳೂ ಹಾಗೆಯೇ. ಸೋಸುವ ಮೊದಲು ಇನ್ನೊಂದು ದಾರಿ ನೋಡಿ: ಹಣ್ಣನ್ನು ಮಿಕ್ಸಿಯಲ್ಲಿ ಚೆನ್ನಾಗಿ ನುಣ್ಣಗೆ ತಿರುಗಿಸಿ ಮೊಸರಿಗೆ ಕಲಸಿ ಕೊಡಿ. ತಿಂದ ಮೇಲೆ ಹಲ್ಲಿನ ಸೆಟ್ಟನ್ನು ತೆಗೆದು ತೊಳೆದರೆ ಆಯಿತು. ಮರುದಿನ ಮಲದ ಬಣ್ಣ ಕಪ್ಪಗೆ ಕಂಡರೆ ಅದು ಹಣ್ಣಿನ ಬಣ್ಣವಿರಬಹುದು. ಆದರೂ ಅಮ್ಮ ವಾರ್ಫರಿನ್ ತೆಗೆದುಕೊಳ್ಳುತ್ತಾರಾದ್ದರಿಂದ, ಮಲ ಡಾಂಬರಿನಂತೆ ಕಪ್ಪಗೆ ಅಂಟಂಟಾಗಿದ್ದರೆ ಹಣ್ಣಿನದೆಂದು ಸುಮ್ಮನಿರಬೇಡಿ, ಅಂದೇ ವೈದ್ಯರಿಗೆ ತೋರಿಸಿ.


ಬೆಳಗಿನ ಬಟ್ಟಲು

ಇಬ್ಬರಿಗೂ ಕೈಮುಗಿಯುತ್ತೇನೆ. ಕಾಗದ ಹಾಸಿದ ಡಬ್ಬಿ ಸಿದ್ಧವಾಗಿದೆ. ಕೊಳ್ಳುವಾಗ ಯಾವುದನ್ನು ಆರಿಸಬೇಕು ಎಂಬುದನ್ನೂ ಯಾರಾದರೂ ಹೇಳುವಿರಾ? ನಾನು ಪ್ರತಿ ಸಲ ಮಿರಿಮಿರಿ ಮಿಂಚುವ ಹಣ್ಣನ್ನೇ ತರುತ್ತೇನೆ. ಆದರೂ ಕೆಲವು ಸಲ ಅಮ್ಮ ಹುಳಿಗೆ ಕಣ್ಣು ಮುಚ್ಚುತ್ತಾರೆ.


ಉತ್ತರ
ಮುಳ್ಳುಬಳ್ಳಿ

ಮನೆಯ ಹಿಂದೆ ಆರು ಬುಡ ಬ್ಲ್ಯಾಕ್‌ಬೆರಿ ಬೆಳೆಸಿಕೊಂಡಿದ್ದೇನೆ. ಹಾಗಾಗಿ ಈ ಪ್ರಶ್ನೆ ನನ್ನದು.

ಮಿಂಚುವ ಹಣ್ಣು ನೋಡಲು ಚೆಂದ, ಆದರೆ ಪೂರ್ತಿ ಮಾಗಿರುವುದಿಲ್ಲ. ಹಸಿರಿನಿಂದ ಕೆಂಪು, ಕೆಂಪಿನಿಂದ ಹೊಳೆಯುವ ಕಪ್ಪು, ಅಲ್ಲಿಂದ ಮೂರ್ನಾಲ್ಕು ದಿನದಲ್ಲಿ ಹೊಳಪು ಅಡಗಿದ ಕಪ್ಪು. ಆ ಕೊನೆಯ ಹಂತದಲ್ಲಿ ಮಣಿಗಳು ತುಂಬಿ ಬಿರಿಯುವಂತಿರುತ್ತವೆ, ಮುಟ್ಟಿದರೆ ಸಾಕು, ಹಣ್ಣು ಕೈಗೆ ಬರುತ್ತದೆ. ಎಳೆದು ಕೀಳಬೇಕಾದ ಹಣ್ಣು ಹುಳಿಯೇ. ಬೆಳಿಗ್ಗೆ ಎದ್ದು ಹೊಳಪು ಅಡಗಿದ ಒಂದನ್ನು ಬಳ್ಳಿಯಿಂದ ನೇರ ಬಾಯಿಗೆ ಹಾಕಿಕೊಂಡರೆ ಸಿಹಿಯ ಹಿಂದೆ ಸಣ್ಣ ಒಗರು, ಅದರ ಹಿಂದೆ ಹೂವಿನಂಥ ಪರಿಮಳ. ಆ ರುಚಿಯನ್ನು ಡಬ್ಬಿಯ ಹಣ್ಣಿನಲ್ಲಿ ನಾನು ಇನ್ನೂ ಕಂಡಿಲ್ಲ. ಅದಕ್ಕೆ ಕಾರಣವೂ ಇದೆ: ಅಷ್ಟು ಮಾಗಿದ ಹಣ್ಣು ದೂರದ ಪ್ರಯಾಣವನ್ನು ತಾಳುವುದಿಲ್ಲ. ಅಮೆರಿಕದ ಒರೆಗಾನ್‌ನಲ್ಲಿ 1956ರಲ್ಲಿ ಬಿಡುಗಡೆಯಾದ ಮ್ಯಾರಿಯನ್ ಎಂಬ ತಳಿ ರುಚಿಗೆ ಹೆಸರಾದದ್ದು. ಹಣ್ಣು ತೀರಾ ಮೃದುವಾದ್ದರಿಂದ ಅದರ ಬೆಳೆ ಹೆಚ್ಚಾಗಿ ಫ್ರೀಜರ್‌ಗೂ ಜಾಮ್‌ಗೂ ಹೋಗುತ್ತದೆ. ತಾಜಾ ಹಣ್ಣಾಗಿ ದೂರ ಹೋಗುವುದು ಗಟ್ಟಿ ಮೈಯ ತಳಿಗಳು.

ಆದ್ದರಿಂದ ಕೊಳ್ಳುವಾಗ ನಿಮ್ಮ ಉದ್ದೇಶ ನೋಡಿ. ಇವತ್ತೇ ತಿನ್ನುವುದಾದರೆ ಹೊಳಪು ಕಡಿಮೆಯಾದ, ಆದರೆ ಮಣಿಗಳು ಉಬ್ಬಿರುವ ಹಣ್ಣು. ಮೂರ್ನಾಲ್ಕು ದಿನ ಇಡುವುದಾದರೆ ಹೊಳೆಯುವ ಕಪ್ಪು. ಸಂಪೂರ್ಣ ಕೆಂಪಾಗಿರುವುದು ಬೇಡವೇ ಬೇಡ, ಅದು ಎಂದೂ ಸಿಹಿಯಾಗದು. ಡಬ್ಬಿಯನ್ನು ತಿರುವಿ ತಳ ನೋಡಿ: ರಸದ ಕಲೆ ಇದ್ದರೆ ಇಟ್ಟುಬಿಡಿ. ತಿನ್ನುವ ಅರ್ಧ ಗಂಟೆ ಮೊದಲು ಬೇಕಾದಷ್ಟನ್ನು ಫ್ರಿಜ್‌ನಿಂದ ಹೊರಗಿಡಿ. ತಣ್ಣಗಿನ ಹಣ್ಣಿನಲ್ಲಿ ಸಿಹಿ ಕಡಿಮೆ ಎನಿಸುತ್ತದೆ, ಅಮ್ಮ ಕಣ್ಣು ಮುಚ್ಚಲು ಅದೂ ಒಂದು ಕಾರಣವಿರಬಹುದು.

ಹಣ್ಣು ಮುರಿದಾಗ ನಡುವೆ ಬಿಳಿಯ ದಿಂಡು ಕಂಡರೆ ಗಾಬರಿ ಬೇಡ. ಬ್ಲ್ಯಾಕ್‌ಬೆರಿ ಕೀಳುವಾಗ ದಿಂಡು ಹಣ್ಣಿನ ಜೊತೆಗೇ ಬರುತ್ತದೆ. ರಾಸ್ಪ್‌ಬೆರಿಯಲ್ಲಿ ಅದು ಗಿಡದಲ್ಲೇ ಉಳಿದು ಹಣ್ಣು ಟೊಳ್ಳಾಗುತ್ತದೆ. ಕಪ್ಪು ರಾಸ್ಪ್‌ಬೆರಿಗೂ ಇದಕ್ಕೂ ವ್ಯತ್ಯಾಸ ತಿಳಿಯುವುದು ಹೀಗೆಯೇ.

ಹೆಚ್ಚು ಹಣ್ಣು ಬಂದ ವಾರ ನಾನು ಫ್ರೀಜರ್‌ಗೆ ಹಾಕುತ್ತೇನೆ. ತೊಳೆಯುವುದಾದರೆ ಬಟ್ಟೆಯ ಮೇಲೆ ಒಂದೆರಡು ಗಂಟೆ ಹರಡಿ ಪೂರ್ತಿ ಆರಿಸಬೇಕು. ಆಮೇಲೆ ಒಂದಕ್ಕೊಂದು ತಾಗದಂತೆ ತಟ್ಟೆಯಲ್ಲಿ ಜೋಡಿಸಿ ರಾತ್ರಿಯಿಡೀ ಫ್ರೀಜರ್‌ನಲ್ಲಿ ಇಡುತ್ತೇನೆ. ಬೆಳಿಗ್ಗೆ ಗೋಲಿಯಂತೆ ಗಟ್ಟಿಯಾದವನ್ನು ಚೀಲಕ್ಕೆ ತುಂಬಿ, ಗಾಳಿ ಒತ್ತಿ ತೆಗೆದು, ಮೇಲೆ ತಾರೀಖು ಬರೆಯುತ್ತೇನೆ. ಮೊದಲೇ ಚೀಲಕ್ಕೆ ಹಾಕಿದರೆ ಎಲ್ಲವೂ ಒಂದೇ ಮುದ್ದೆಯಾಗುತ್ತದೆ. ಮೈನಸ್ 18 ಡಿಗ್ರಿಯಲ್ಲಿ ಹತ್ತು ತಿಂಗಳವರೆಗೆ ನಾನು ಬಳಸಿದ್ದೇನೆ. ಕರಗಿದಾಗ ಮೆತ್ತಗಾಗುತ್ತದೆ, ಒಳಗಿನ ಮಂಜಿನ ಹರಳುಗಳು ಜೀವಕೋಶಗಳನ್ನು ಸೀಳಿರುತ್ತವೆ. ಕಟ್ಟಿಸಿದ ಹಲ್ಲಿನವರಿಗೆ ಆ ಮೆತ್ತಗೆಯೇ ಅನುಕೂಲವಾದೀತು.


ಶೈತ್ಯಾಗಾರ

ಮುಳ್ಳುಬಳ್ಳಿಯವರು ಹೇಳಿದ್ದಕ್ಕೆ ಒಂದು ಸಾಲು ಸೇರಿಸುತ್ತೇನೆ. ಫ್ರೀಜರ್ ಬೂಷ್ಟನ್ನು ತಡೆಯುತ್ತದೆಯೇ ಹೊರತು ಹಣ್ಣನ್ನು ಶುದ್ಧ ಮಾಡುವುದಿಲ್ಲ. ಹೆಪಟೈಟಿಸ್ ಎ ವೈರಸ್, ನೊರೊವೈರಸ್ ಹೆಪ್ಪುಗಟ್ಟಿದರೂ ಸಾಯುವುದಿಲ್ಲ. ನಿಮ್ಮ ಹಿತ್ತಿಲ ಹಣ್ಣಿನ ಮಾತು ಬೇರೆ. ಎಷ್ಟು ಕೈ ದಾಟಿ ಬಂದದ್ದು ಎಂದು ತಿಳಿಯದ, ಅಂಗಡಿಯಿಂದ ತಂದ ಫ್ರೀಜರ್ ಹಣ್ಣನ್ನು ವಯಸ್ಸಾದವರಿಗೆ ಕೊಡುವಾಗ ಕುದಿಸಿ ಕೊಡುವುದು ಒಳ್ಳೆಯದು. ವಿಟಮಿನ್ ಸಿ ಸ್ವಲ್ಪ ಹೋಗಲಿ, ನಾರು ಎಲ್ಲಿಗೂ ಹೋಗುವುದಿಲ್ಲ.


ಬೆಳಗಿನ ಬಟ್ಟಲು

ಹನ್ನೆರಡು ದಿನಗಳ ನಂತರ ಬರೆಯುತ್ತಿದ್ದೇನೆ. ಹೇಳಿದ್ದನ್ನು ಸುಮ್ಮನೆ ಒಪ್ಪುವ ಬದಲು ಒಂದು ಸಲ ಕಣ್ಣಾರೆ ನೋಡಬೇಕೆನಿಸಿತು. ಒಂದೇ ಡಬ್ಬಿಯ ಹಣ್ಣಿನಲ್ಲಿ ಆರನ್ನು ತೊಳೆದು ಮುಚ್ಚಿದ ಲೋಟದಲ್ಲಿ ಫ್ರಿಜ್‌ನ ಬಾಗಿಲಲ್ಲಿಟ್ಟೆ. ಉಳಿದ ಇಪ್ಪತ್ತೊಂದನ್ನು ಕಾಗದದ ಮೇಲೆ ಹರಡಿ ಒಳಗಿಟ್ಟೆ. ನಾಲ್ಕನೆಯ ದಿನ ಲೋಟದಲ್ಲಿ ಮೂರಕ್ಕೆ ಬೂಷ್ಟು ಬಂದಿತ್ತು. ಕಾಗದದ ಮೇಲಿನವುಗಳಲ್ಲಿ ಒಂದು ಮಾತ್ರ ಮೆತ್ತಗಾಗಿತ್ತು, ಎರಡರಲ್ಲಿ ಕೆಂಪು ಮಣಿಗಳಿದ್ದವು. ಕೆಂಪು ಮಣಿಯವನ್ನು ನಾನೇ ತಿಂದೆ. ರುಚಿಯಲ್ಲಿ ಯಾವ ದೋಷವೂ ಕಾಣಲಿಲ್ಲ.

ವೈದ್ಯರಿಗೆ ತಿಳಿಸಿದೆ. ದಿನಕ್ಕೆ ಹತ್ತು ಹಣ್ಣು, ತಪ್ಪದೆ ಅಷ್ಟೇ ಇರಲಿ ಎಂದರು, ಎರಡು ವಾರದ ನಂತರ ಮತ್ತೆ ರಕ್ತಪರೀಕ್ಷೆ ಇದೆ. ಮೊದಲು ಐದರಿಂದ ಶುರುಮಾಡಿದ್ದರಿಂದ ಹೊಟ್ಟೆಯುಬ್ಬರ ಬರಲಿಲ್ಲ. ಮೊಸರಿನ ಉಪಾಯವನ್ನು ಅಮ್ಮ ಒಪ್ಪಲಿಲ್ಲ, ಹಣ್ಣು ಹಣ್ಣಿನ ಹಾಗೆಯೇ ಇರಬೇಕಂತೆ. ನಾಲಿಗೆಯಿಂದ ಅಂಗುಳಕ್ಕೆ ಒತ್ತಿ ಒಡೆದು, ಬೀಜ ಜಗಿಯದೆ ನುಂಗುವುದನ್ನು ತಾವೇ ಕಂಡುಕೊಂಡಿದ್ದಾರೆ. ಬೆಳಿಗ್ಗೆ ಏಳಕ್ಕೆ ಹಣ್ಣನ್ನು ಹೊರಗಿಡುತ್ತೇನೆ, ಏಳೂವರೆಗೆ ಅವರು ಬಟ್ಟಲು ಹಿಡಿದು ಕೂರುತ್ತಾರೆ. ಈಗ ಡಬ್ಬಿಯ ತಳ ನೋಡಿ, ಹೊಳಪು ಅಡಗಿದ್ದನ್ನು ಮೊದಲ ದಿನಕ್ಕೆ, ಮಿಂಚುವುದನ್ನು ನಂತರಕ್ಕೆ ಎಂದು ಬೇರೆ ಮಾಡುವ ಕೆಲಸವೂ ಅಮ್ಮನದೇ. ಹೊಸ ಡಬ್ಬಿ ನಿನ್ನೆ ಬಂತು. ಒಂಬತ್ತು ಹೆಚ್ಚಿಗೆ ಇದ್ದವು, ತಟ್ಟೆಯಲ್ಲಿ ಜೋಡಿಸಿ ಫ್ರೀಜರ್‌ಗೆ ಇಟ್ಟಿದ್ದೇನೆ.